ಎರಡು ನಿಮಿಷದ ಹಾರಾಟ: ಲೋಗನೇರ್ ಇಷ್ಟು ವರ್ಷ ಉಳಿದದ್ದು ಹೇಗೆ?

ನೀಲಿಬಾನು ಕೇಳಿದ ಪ್ರಶ್ನೆ:
ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ದ್ವೀಪಗಳ ನಡುವೆ ಲೋಗನೇರ್ ಎಂಬ ವಿಮಾನಸಂಸ್ಥೆ ನಡೆಸುವ ಹಾರಾಟವು ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಸೇವೆ ಎಂದು ಓದಿದ್ದೇನೆ. ಅಂತರ ಸುಮಾರು 2.7 ಕಿಲೋಮೀಟರ್, ಒಮ್ಮೆ 53 ಸೆಕೆಂಡುಗಳಲ್ಲೇ ಮುಗಿದದ್ದೂ ಉಂಟಂತೆ. ಎಂಟು ಮಂದಿ ಪ್ರಯಾಣಿಕರ ವಿಮಾನವನ್ನು ಇಷ್ಟು ದೂರಕ್ಕಾಗಿ ಮೇಲೇರಿಸಿ ಇಳಿಸುವುದರಿಂದ ಯಾವ ಸಂಸ್ಥೆಗೆ ಗಿಟ್ಟೀತು? ದೋಣಿ ಸಾಲದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ರೆಕ್ಕೆ:
ಆ ಎರಡು ನಿಮಿಷವನ್ನಷ್ಟೇ ಪ್ರತ್ಯೇಕಿಸಿ ನೋಡುವುದರಿಂದ ಈ ಗೊಂದಲ ಹುಟ್ಟುತ್ತದೆ. ವಿಮಾನವು ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಹೊರಟು, ವೆಸ್ಟ್‌ರೇಯಲ್ಲಿ ಕೆಲವರನ್ನು ಇಳಿಸಿ, ಪಾಪಾ ವೆಸ್ಟ್‌ರೇಗೆ ಹೋಗಿ ಕರ್ಕ್‌ವಾಲ್‌ಗೆ ಮರಳುತ್ತದೆ; ಪ್ರಸಿದ್ಧವಾದ ಆ ಹಾರಾಟ ಈ ಸುತ್ತಿನ ನಡುವಿನ ಒಂದು ತುಣುಕು.

ಇತಿಹಾಸವೂ ಲೋಗನೇರ್‌ಗಿಂತ ಹಳೆಯದು. ಕ್ಯಾಪ್ಟನ್ ಫ್ರೆಸನ್ 1933ರಲ್ಲಿ ಹೈಲ್ಯಾಂಡ್ ಏರ್‌ವೇಸ್ ಆರಂಭಿಸಿ ಸ್ಕಾಟ್ಲೆಂಡಿನ ಮುಖ್ಯಭೂಮಿಯ ಇನ್ವರ್ನೆಸ್ ಮತ್ತು ಕರ್ಕ್‌ವಾಲ್ ಊರುಗಳನ್ನು ಜೋಡಿಸಿದರು. ಮರುವರ್ಷ ಅದೇ ಮಾರ್ಗದಲ್ಲಿ ಅಂಚೆಯೂ ಹಾರಿತು. ಎರಡನೇ ಮಹಾಯುದ್ಧ ಮುಗಿದು ವಿಮಾನಯಾನ ರಾಷ್ಟ್ರೀಕರಣಗೊಂಡ ಮೇಲೂ ಚಿಕ್ಕ ದ್ವೀಪಗಳ ಪಾಲಿಗೆ ಉಳಿದದ್ದು ದೋಣಿಯೇ. ಇತ್ತ, ನಿರ್ಮಾಣ ಗುತ್ತಿಗೆದಾರರಾಗಿದ್ದ ವಿಲ್ಲಿ ಲೋಗನ್ ಅವರ ಕಂಪನಿಯು 1962ರಲ್ಲಿ ಪೈಪರ್ ಆಜ್ಟೆಕ್ ಎಂಬ ಒಂದು ಚಿಕ್ಕ ವಿಮಾನ ಇಟ್ಟುಕೊಂಡು ಏರ್ ಟ್ಯಾಕ್ಸಿ ಆರಂಭಿಸಿತು. ಹೀಗೆ ಹುಟ್ಟಿದ ಲೋಗನೇರ್, 1967ರಲ್ಲಿ ಆರ್ಕ್ನಿಯ ದ್ವೀಪಗಳನ್ನು ಮತ್ತೆ ಗಾಳಿಯ ದಾರಿಯಲ್ಲಿ ಜೋಡಿಸಿತು. ಅದೇ ವರ್ಷ ಆರಂಭವಾದ ಏರ್ ಆಂಬುಲೆನ್ಸ್ ಸೇವೆಯನ್ನು 2006ರವರೆಗೂ ನಡೆಸಿತು. ಚಳಿಗಾಲದ ಸಮುದ್ರ ಹದಗೆಟ್ಟಾಗ ದೋಣಿ ಸಾಲದೆ ಎಂಬ ಪ್ರಶ್ನೆಯನ್ನು ದ್ವೀಪದವರಾರೂ ಕೇಳಲಾರರು.

ಮೆಕ್ಯಾನಿಕ್_ಮನಸ್ಸು:
ವಿಮಾನದ ಆಯ್ಕೆಯನ್ನೂ ಗಮನಿಸಬೇಕು. ಈ ಮಾರ್ಗದಲ್ಲಿ ಬಳಸುವ, 1965ರಲ್ಲಿ ಮೊದಲ ಬಾರಿಗೆ ಹಾರಿದ ಬ್ರಿಟನ್-ನಾರ್ಮನ್ ಐಲ್ಯಾಂಡರ್‌ಗೆ ಎರಡು ಪಿಸ್ಟನ್ ಎಂಜಿನ್‌ಗಳು, ಮಡಚಿಕೊಳ್ಳದ ಚಕ್ರಗಳು, ಒಬ್ಬನೇ ಪೈಲಟ್. ಪಕ್ಕದ ಆಸನದಲ್ಲಿ ಒಮ್ಮೊಮ್ಮೆ ಪ್ರಯಾಣಿಕನೇ ಕೂರುತ್ತಾನೆ. ಬಿಡಿಭಾಗಗಳ ಸವೆತವನ್ನು ಹಾರಿದ ಗಂಟೆಗಳಿಂದ ಮಾತ್ರವಲ್ಲದೆ ಇಳಿದ ಸಲಗಳಿಂದಲೂ ಲೆಕ್ಕ ಹಾಕುವುದರಿಂದ, ದಿನವಿಡೀ ಏರಿ ಇಳಿಯುವ ಇಂತಹ ಮಾರ್ಗದಲ್ಲಿ ಚಕ್ರ ಮಡಚುವ ಯಂತ್ರವೇ ಇಲ್ಲದಿರುವುದು ದೊಡ್ಡ ಉಳಿತಾಯ.

ನೀಲಿಬಾನು:
ಧನ್ಯವಾದಗಳು. ಆದರೂ ಹಣದ ಪ್ರಶ್ನೆ ಉಳಿಯಿತಲ್ಲ?

ಹಳೆಯ ರೆಕ್ಕೆ:
ಆರ್ಕ್ನಿಯ ಒಳಗಿನ ಮಾರ್ಗಗಳು ಸಾರ್ವಜನಿಕ ಸೇವಾ ಬಾಧ್ಯತೆಯ ವ್ಯವಸ್ಥೆಗೆ ಒಳಪಟ್ಟಿವೆ. ಅಲ್ಲಿನ ದ್ವೀಪ ಕೌನ್ಸಿಲ್ ಟೆಂಡರ್ ಕರೆಯುತ್ತದೆ. ಸೇವೆಯ ಷರತ್ತುಗಳು ಒಪ್ಪಂದದಲ್ಲಿರುತ್ತವೆ, ಕೊರತೆಯನ್ನು ಸಾರ್ವಜನಿಕ ಹಣ ತುಂಬುತ್ತದೆ. ಆದ್ದರಿಂದ ಈ ಮಾರ್ಗದಲ್ಲಿ ಲಾಭ ಹುಡುಕುವುದಕ್ಕೆ ಅರ್ಥವಿಲ್ಲ ಎಂದೇ ನನ್ನ ಅಭಿಪ್ರಾಯ. ರಸ್ತೆಗೆ ಯಾರೂ ಲಾಭ ಕೇಳುವುದಿಲ್ಲವಷ್ಟೆ. ಉಳಿದ ಜಾಲದಲ್ಲಿ ಸಂಸ್ಥೆಯು ದೊಡ್ಡ ವಿಮಾನಸಂಸ್ಥೆಗಳ ಹೆಸರನ್ನು ಬಾಡಿಗೆಗೆ ಪಡೆದಿತ್ತು: 1994ರಿಂದ 2008ರವರೆಗೆ ಬ್ರಿಟಿಷ್ ಏರ್‌ವೇಸ್, ಬಳಿಕ 2017ರವರೆಗೆ ಫ್ಲೈಬಿ. ಆಮೇಲೆ ಸ್ವಂತ ಹೆಸರಿಗೆ ಮರಳಿತು. 2020ರ ಮಾರ್ಚ್‌ನಲ್ಲಿ ಫ್ಲೈಬಿಯೇ ಮುಚ್ಚಿದಾಗ, ಅದರ ಹಲವು ಮಾರ್ಗಗಳನ್ನು ಲೋಗನೇರ್ ವಹಿಸಿಕೊಂಡಿತು.

ಉಬ್ಬರವಿಳಿತ:
ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಬ್ಯಾರಾ ದ್ವೀಪವನ್ನು ಮರೆತಿರಿ. ಗ್ಲಾಸ್ಗೋದಿಂದ ಹೋಗುವ ಲೋಗನೇರ್‌ನ ಟ್ವಿನ್ ಆಟರ್ ವಿಮಾನ ಅಲ್ಲಿ ಕಡಲತೀರದ ಮರಳಿನ ಮೇಲೆಯೇ ಇಳಿಯುತ್ತದೆ. ಗಾಳಿ ಎತ್ತ ಬೀಸಿದರೂ ಇಳಿಯಲು ಅನುಕೂಲವಾಗಲೆಂದು ತ್ರಿಕೋನಾಕಾರದಲ್ಲಿ ಗುರುತಿಸಿರುವ ಮೂರು ರನ್‌ವೇಗಳೂ ಉಬ್ಬರದ ವೇಳೆ ನೀರಿನಡಿ ಹೋಗುತ್ತವೆ. ಹಾಗಾಗಿ ವೇಳಾಪಟ್ಟಿಯನ್ನೇ ಸಮುದ್ರದ ಲೆಕ್ಕಕ್ಕೆ ಹೊಂದಿಸಿ ತಯಾರಿಸುತ್ತಾರೆ.