ಸೆಕೆಂಡ್ ಕ್ಲಾಸ್ ಬಾಯಿ

ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ಸಂಜೆ ನಾವು ನಾಲ್ವರು ಬುಲ್ ಟೆಂಪಲ್ ರಸ್ತೆಯಲ್ಲಿ ಸೇರಿ, ತಲಾ ಒಂದು ಸೇರು ಕೊಂಡು, ಬ್ಯೂಗಲ್ ರಾಕ್ ಪಾರ್ಕಿನ ಬಂಡೆ ಮೇಲೆ ಕೂತು ಸಿಪ್ಪೆ ಗುಡ್ಡೆ ಹಾಕುವುದು ವರ್ಷಗಳ ವಾಡಿಕೆ. ಸೀನ ಮತ್ತು ಪದ್ದಿ ನನ್ನ ಕಾಲೇಜು ಜೊತೆಯವರು. ಮೇಷ್ಟ್ರು ನಮಗಿಂತ ಹದಿನೈದು ವರ್ಷ ದೊಡ್ಡವರು, ಕನ್ನಡ ಪಾಠ ಮಾಡಿ ರಿಟೈರ್ ಆದವರು, ಪಾಠ ಮಾಡುವುದನ್ನು ಮಾತ್ರ ಬಿಟ್ಟಿಲ್ಲ.

ಈ ಸಲ ಹೋಗುವುದೇ ಬೇಡ ಅಂದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದರಾಯಿತು ಅಂತ ಧೈರ್ಯ ಮಾಡಿ ಹೊರಟೆ. ಪರಿಷೆಗೆ ಬಂದು ಬಾಯಿ ಮುಚ್ಚಿಕೊಂಡು ನಿಂತವನನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ?

"ಏನೋ, ಮೌನವ್ರತನಾ?" ಅಂದಳು ಪದ್ದಿ.

"ಏನಿಲ್ಲ," ಅಂದೆ. ಅಷ್ಟೇ ಸಾಕಾಯಿತು. ಅಂಗಡಿ ಬಲ್ಬಿನ ಬೆಳಕು ಬಾಯೊಳಗೆ ಬಿದ್ದು ತಂತಿ ಫಳಕ್ಕಂತು.

"ಅಯ್ಯಯ್ಯೋ, ಇವನು ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡಿದಾನೆ ಕಣ್ರೋ!"

ಕಡಲೆಕಾಯಿ ಅಳೆಯುತ್ತಿದ್ದ ಅಜ್ಜಿ ಸೇರನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಬಾಯಿ ನೋಡಿದಳು.

ಮೇಷ್ಟ್ರು ಮಾತ್ರ ತಪ್ಪು ತಿದ್ದಿದರು. "ಏ, ಇ ಎರಡೂ ತುಟಿ ಹರಡೋ ಸ್ವರ. ಗುಟ್ಟು ಉಳೀಬೇಕಿದ್ರೆ 'ಊಹೂಂ' ಅನ್ನಬೇಕಿತ್ತು. ಊ ಅಂದ್ರೆ ತುಟಿ ಗುಂಡಗಾಗ್ತದೆ, ಹಲ್ಲು ಕಾಣಲ್ಲ."

"ನಿನ್ನ ಮಗಳಿಗಲ್ವೇನೋ ಹಾಕಿಸಿದ್ದು?" ಅಂದ ಸೀನ.

"ಅವಳದ್ದು ಜೂನಲ್ಲಿ ತೆಗೆದ್ರು. ಜುಲೈಯಲ್ಲಿ ನಂಗೆ ಹಾಕಿದ್ರು."

"ಅದನ್ನೇನಾ? ಅಣ್ಣನ ಅಂಗಿ ತಮ್ಮನಿಗೆ ಅನ್ನೋ ಹಾಗೆ?"

ಆಮೇಲೆ ಬಂತು ನೋಡಿ ಆ ಪ್ರಶ್ನೆ. "ಈ ವಯಸ್ಸಲ್ಲಿ ಯಾಕೋ?" ಜುಲೈಯಿಂದ ಇದನ್ನು ಕೇಳದವರಿಲ್ಲ. ಹಾಲಿನವನು ಕೇಳಿದ, ಆಫೀಸಿನ ಸೆಕ್ಯುರಿಟಿಯವನು ಕೇಳಿದ, ಅತ್ತೆ ಫೋನ್ ಮಾಡಿ ಮಗಳ ಹತ್ತಿರ ಕೇಳಿದರು. ಹನ್ನೆರಡು ವರ್ಷದ ಹುಡುಗಿಗೆ ಹಾಕಿದಾಗ ಒಬ್ಬರಾದರೂ ಯಾಕೆ ಅಂದರೆ ಕೇಳಿ. ನಲವತ್ತಾರಕ್ಕೆ ಹಾಕಿಸಿಕೊಂಡರೆ ಊರಿಗೆಲ್ಲ ಅರ್ಜಿ ಬರೆದುಕೊಡಬೇಕು. ತಂತಿ ಬಿಗಿದ ರಾತ್ರಿ ಆದ ನೋವು ಮೂರು ದಿನಕ್ಕೆ ಹೋಯಿತು. ಈ ಪ್ರಶ್ನೆ ಹೋಗುತ್ತಿಲ್ಲ.

ಕಾರಣ ಇಲ್ಲದೇ ಏನಿಲ್ಲ. ನನ್ನ ಮೇಲಿನ ಹಲ್ಲು ಮುಂದಕ್ಕೆ ಉಬ್ಬಿವೆ. ಕೆಳಗಿನವು ಮೇಲಕ್ಕೆ ಹೋಗಿ ಅಂಗುಳಕ್ಕೆ ಕುಟ್ಟುತ್ತವೆ. ಬಾಯಿ ಮುಚ್ಚಿದಾಗಲೆಲ್ಲ ಒಳಗೊಂದು ಗಾಯ. ಇದನ್ನೆಲ್ಲ ವಿವರಿಸಿದೆ.

"ಸರಿ, ಆದ್ರೆ ಈಗ ಹಲ್ಲು ಅಲ್ಲಾಡುತ್ತಾ? ಗಟ್ಟಿ ಕೂತಿರುತ್ತಲ್ಲ?" ಸೀನನಿಗೆ ಅನುಮಾನ.

"ಹಲ್ಲನ್ನ ಮೂಳೇಲಿ ಸಿಮೆಂಟ್ ಹಾಕಿ ನೆಟ್ಟಿಲ್ಲ ಮಾರಾಯ. ಮಧ್ಯ ಒಂದು ಪೊರೆ ಇದೆ, ಕಾಲು ಮಿಲಿಮೀಟರ್‌ನಷ್ಟು. ತಂತಿ ಒತ್ತಿದ ಕಡೆ ಮೂಳೆ ಕರಗುತ್ತೆ, ಹಲ್ಲು ಸರಿದ ಜಾಗದ ಹಿಂದೆ ಹೊಸ ಮೂಳೆ ಕಟ್ಟುತ್ತೆ. ಅರವತ್ತಾದ್ರೂ ಆಗುತ್ತೆ. ಹೆಚ್ಚುಕಮ್ಮಿ ತಿಂಗಳಿಗೆ ಒಂದು ಮಿಲಿಮೀಟರ್."

"ತಿಂಗಳಿಗೆ ಒಂದು ಮಿಲಿಮೀಟರ್! ನಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ವಾಸಿ."

"ನಿಂಗೆ ಎಡಗಡೆ ಇಂಪ್ಲಾಂಟ್ ಇದೆಯಲ್ಲ, ಆ ಕಟ್ಟಿಸಿದ ಹಲ್ಲು, ಅದು ಮಾತ್ರ ಜರುಗಲ್ಲ. ಪೊರೆ ಇಲ್ಲ, ನೇರ ಮೂಳೆಗೇ ಕಚ್ಕೊಂಡಿರುತ್ತೆ."

"ಗೊತ್ತು. ಅದು ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್ ಕಂಬ. ಯಾವ ಸರ್ಕಾರ ಬಂದ್ರೂ ಅಲ್ಲೇ."

ಮೊದಲು ಬರೀ ವಸಡಿನ ಚಿಕಿತ್ಸೆ ಆಯಿತು. ದೊಡ್ಡವರಿಗೆ ವಸಡು ಸರಿಯಿಲ್ಲದೆ ತಂತಿ ಬಿಗಿದರೆ ಇರುವ ಹಲ್ಲೂ ಸಡಿಲ ಆಗುತ್ತದಂತೆ. ಮಕ್ಕಳಾದರೆ ದವಡೆ ಇನ್ನೂ ಬೆಳೆಯುತ್ತಿರುತ್ತದೆ, ಆ ಬೆಳವಣಿಗೆಯನ್ನೇ ತಿರುಗಿಸಿಕೊಳ್ಳಬಹುದು. ನನ್ನ ದವಡೆ ಬೆಳೆಯುವ ಆಟ ಎಂದೋ ನಿಲ್ಲಿಸಿದೆ. ಹಾಗಾಗಿ ಮೇಲಿನ ಎರಡು ಹಲ್ಲು, ಕೋರೆಹಲ್ಲಿನ ಪಕ್ಕದವು, ತೆಗೆದರು. ಒಂದೊಂದೂ ಏಳು ಮಿಲಿಮೀಟರ್ ಅಗಲ. ಆ ಜಾಗಕ್ಕೆ ಮುಂದಿನವು ಹಿಂದೆ ಸರಿಯಬೇಕು.

"ರಸ್ತೆ ಅಗಲೀಕರಣಕ್ಕೆ ಎರಡು ಬಿಲ್ಡಿಂಗ್ ಒಡೆದ್ರು ಅನ್ನು. ಪರಿಹಾರ ಎಷ್ಟು ಬಂತು?"

"ನಾನೇ ಕೊಟ್ಟೆ."

ಮೇಷ್ಟ್ರು ದೊಡ್ಡ ಗಣೇಶನ ಗುಡಿ ಕಡೆ ಕೈ ಮುಗಿದರು. "ಅವನು ಒಂದು ದಂತ ಮುರಿದುಕೊಂಡು ಮಹಾಭಾರತ ಬರೆದ. ನೀನು ಎರಡು ಕಳಕೊಂಡಿದ್ದೀಯ. ಏನು ಬರೆದೆ?"

"ಚೆಕ್ಕು."

ಹಲ್ಲಿನ ಜೋಡಣೆಗೂ ದರ್ಜೆ ಇದೆ ಅನ್ನುವುದು ನನಗೆ ಕುರ್ಚಿಯಲ್ಲಿ ಮಲಗಿದಾಗಲೇ ತಿಳಿದದ್ದು. ಎಡ್ವರ್ಡ್ ಆ್ಯಂಗಲ್ ಅಂತ ಅಮೆರಿಕದ ದಂತವೈದ್ಯರು 1899ರಲ್ಲಿ ಮೇಲಿನ ದವಡೆ ಹಲ್ಲು ಕೆಳಗಿನದರ ಮೇಲೆ ಹೇಗೆ ಕೂರುತ್ತದೆ ಅಂತ ನೋಡಿ ಮೂರು ಕ್ಲಾಸ್ ಮಾಡಿಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ. ಡಾಕ್ಟರಮ್ಮ ಕನ್ನಡಿಕಡ್ಡಿ ಬಾಯಲ್ಲಿ ಆಡಿಸಿ ಸಹಾಯಕಿಗೆ "ಕ್ಲಾಸ್ ಟೂ" ಅಂತ ಬರೆಸಿದರು.

"ಎಸ್ಸೆಸ್ಸೆಲ್ಸಿಲೂ ಸೆಕೆಂಡ್ ಕ್ಲಾಸ್, ಬಿಕಾಂನಲ್ಲೂ ಸೆಕೆಂಡ್ ಕ್ಲಾಸ್," ಸೀನನಿಗೆ ಖುಷಿಯೋ ಖುಷಿ, "ಬಾಯಾದ್ರೂ ಫಸ್ಟ್ ಕ್ಲಾಸ್ ಬರಬಾರದಿತ್ತೇನೋ?"

"ಎಷ್ಟು ಹಾಕಿದ್ದಾರೆ ಆ ಮಣಿ?" ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಬ್ರ್ಯಾಕೆಟ್ ಅಂತಾರೆ. ಇಪ್ಪತ್ತಾರು."

"ಅಷ್ಟು ಬ್ರ್ಯಾಕೆಟ್ಟು ನನ್ನ ವ್ಯಾಕರಣ ಪುಸ್ತಕದಲ್ಲೂ ಇಲ್ಲವಲ್ಲಯ್ಯ!"

ಮಣಿಗಳು ಹಲ್ಲಿನ ಬಣ್ಣದವು, ಜಾಸ್ತಿ ದುಡ್ಡು ಕೊಟ್ಟು ಆರಿಸಿದ್ದು. ತಂತಿಯನ್ನು ಮಣಿಗೆ ಕಟ್ಟುವ ಪುಟಾಣಿ ರಬ್ಬರ್ ಉಂಗುರಗಳೂ ಗಾಜಿನ ಹಾಗೆ ತಿಳಿ. ಯಾರಿಗೂ ಕಾಣಲ್ಲ ಅಂತ ಹಿಗ್ಗಿದ್ದೆ. ಶುಕ್ರವಾರ ಹಾಕಿಸಿಕೊಂಡು ಬಂದೆ, ಭಾನುವಾರ ಒಂದು ಮದುವೆ ಊಟ. ಹುಳಿ, ಚಿತ್ರಾನ್ನ, ಇನ್ನೊಂದು ಸುತ್ತು ಹುಳಿ. ಸೋಮವಾರ ಬೆಳಗ್ಗೆ ಕನ್ನಡಿ ನೋಡಿದರೆ ಅಷ್ಟೂ ಉಂಗುರ ಹಳದಿ. ಮದುಮಗನಿಗಿಂತ ಚೆನ್ನಾಗಿ ನನ್ನ ಹಲ್ಲುಗಳಿಗೆ ಅರಿಶಿನದ ಶಾಸ್ತ್ರ ಆಗಿತ್ತು. ಉಜ್ಜಿದರೆ ಹೋಗಲ್ಲ, ಮುಂದಿನ ತಿಂಗಳು ಉಂಗುರ ಬದಲಿಸುವ ತನಕ ಅದೇ ಗತಿ. ಮಗಳ ಹತ್ತಿರ ಕೇಳಿದ್ದರೆ ಹೇಳುತ್ತಿದ್ದಳು. ಅವಳು ಕಪ್ಪು ಉಂಗುರ ಹಾಕಿಸಿಕೊಳ್ಳುತ್ತಿದ್ದಳು.

"ತಂತಿ ಯಾಕೆ, ಪ್ಲಾಸ್ಟಿಕ್ ಅಚ್ಚು ಬರುತ್ತಲ್ಲ?" ಪದ್ದಿ ಕೇಳಿದಳು. "ನನ್ನ ನಾದಿನಿ ಹಾಕ್ಕೊಂಡಿದ್ದಳು, ಅಲೈನರ್ರು. ಗೊತ್ತೇ ಆಗಲ್ಲ."

ಅಲೈನರ್ ನನಗೂ ಆಸೆ ಇತ್ತು. 1997ರಲ್ಲಿ ಅಮೆರಿಕದಲ್ಲಿ ಅದನ್ನು ಮಾಡುವ ಕಂಪನಿಯೊಂದನ್ನು ಕಟ್ಟಿದವರಲ್ಲಿ ಒಬ್ಬ ಸ್ವತಃ ದೊಡ್ಡವನಾದ ಮೇಲೆ ತಂತಿ ಹಾಕಿಸಿಕೊಂಡು ಬೇಸತ್ತವನಂತೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಕಂಪನಿ ಕೇಳುವ ರೇಟು ಅರ್ಥವಾಗಲಿಲ್ಲ.

"ನಾದಿನಿ ಕಥೆ ಪೂರ್ತಿ ಹೇಳು," ಅಂದ ಸೀನ.

ಪದ್ದಿ ಹೇಳಿದಳು. ದಿನಕ್ಕೆ ಇಪ್ಪತ್ತೆರಡು ಗಂಟೆ ಹಾಕಿರಬೇಕು, ಊಟಕ್ಕೆ ಮಾತ್ರ ತೆಗೆಯಬೇಕು. ನಾದಿನಿ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಮೆಲ್ಲಗೆ ತೆಗೆದು, ಟಿಶ್ಯೂ ಪೇಪರಲ್ಲಿ ಸುತ್ತಿ, ಎಲೆ ತುದಿಯಲ್ಲಿ ಉಪ್ಪಿನಕಾಯಿ ಪಕ್ಕ ಇಟ್ಟಳು. ಪಾಯಸ ಆಯಿತು, ಮಜ್ಜಿಗೆ ಆಯಿತು, ಎಲೆ ಮಡಚಿ ಎದ್ದಳು. ಕೈ ತೊಳೆಯುವಾಗ ನೆನಪಾಯಿತು. ಓಡಿ ಬರುವಷ್ಟರಲ್ಲಿ ಇನ್ನೂರು ಎಂಜಲೆಲೆ ಹಿತ್ತಲ ರಾಶಿ ಸೇರಿದ್ದವು. ಹಸು ಒಂದು ಅದಾಗಲೇ ಊಟಕ್ಕೆ ಕೂತಿತ್ತು.

"ಅಂದ್ರೆ ಆ ಏರಿಯಾದಲ್ಲಿ ನೆಟ್ಟಗೆ ಹಲ್ಲಿರೋ ಹಸು ಒಂದಿದೆ ಅನ್ನು," ಅಂದ ಸೀನ.

"ಹಲ್ಲಿನ ಹಿಂದುಗಡೆ ಕಾಣದ ಹಾಗೆ ಹಾಕೋ ತಂತಿನೂ ಇದೆ," ಅಂದೆ.

ಮೇಷ್ಟ್ರು ಬೆಚ್ಚಿಬಿದ್ದರು. "ಕೂಡದು! ತ ಥ ದ ಧ ನ ಐದೂ ಹೋಗ್ತವೆ. ದಂತ್ಯ ಅಂದ್ರೇನು? ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂಭಾಗಕ್ಕೆ ತಾಗಬೇಕು. ಅಲ್ಲಿ ತಂತಿ ಬೇಲಿ ಹಾಕಿದ್ರೆ 'ತಂದೆ' ಅನ್ನೋಷ್ಟರಲ್ಲಿ ನಾಲಿಗೆ ಗಾಯ."

ಊಟದ ಮಾತಿಗೆ ಬಂದರು. ಚಕ್ಕುಲಿ ಇಲ್ಲ, ನಿಪ್ಪಟ್ಟು ಇಲ್ಲ, ಕಬ್ಬು ಇಲ್ಲ. ಬಿಸಿ ಕಾಫಿಗೆ ಅಡ್ಡಿಯಿಲ್ಲ, ಆದರೆ ಶುರುವಿಗೆ ಹಾಕುವ ನಿಕ್ಕಲ್ ಟೈಟಾನಿಯಂ ತಂತಿಗೆ ಬಿಸಿ ತಾಗಿದರೆ ಬಿಗಿಯುತ್ತದೆ, ತಣ್ಣೀರು ತಾಗಿದರೆ ಸಡಿಲಿಸುತ್ತದೆ. ಹಾಗಾಗಿ ಒಂದು ಗುಟುಕು ಫಿಲ್ಟರ್ ಕಾಫಿ, ಒಂದು ಗುಟುಕು ತಣ್ಣೀರು ಅಂತ ಬೈ-ಟು ಕುಡಿಯುತ್ತೇನೆ. ಕೈಹಿಡಿದದ್ದು ರಾಗಿಮುದ್ದೆ ಒಂದೇ. ಅಗಿಯುವ ಹಾಗಿಲ್ಲ, ನುಂಗಬೇಕು ಅನ್ನುವುದು ನಮ್ಮ ಹಿರಿಯರ ಕಟ್ಟಪ್ಪಣೆ. ಕ್ಲಿಪ್ ಹಾಕಿದವರಿಗೆ ಇದಕ್ಕಿಂತ ಬೇಕೇ? ಮಂಡ್ಯದಲ್ಲಿ ಹುಟ್ಟಿದ್ದರೆ ಈ ಎರಡು ವರ್ಷ ಗೊತ್ತೇ ಆಗುತ್ತಿರಲಿಲ್ಲ.

"ನಿಜ ಹೇಳೋ," ಪದ್ದಿ ದನಿ ತಗ್ಗಿಸಿದಳು, "ಅಂಗುಳದ ಗಾಯಕ್ಕೇನಾ ಹಾಕಿಸಿದ್ದು?"

ನನ್ನ ಮದುವೆ ಆಲ್ಬಂನಲ್ಲಿ ಇನ್ನೂರು ಚಿಲ್ಲರೆ ಫೋಟೋ ಇವೆ. ಒಂದರಲ್ಲೂ ನನ್ನ ಹಲ್ಲಿಲ್ಲ. ಧಾರೆ ಎರೆಯುವಾಗ ತುಟಿ ಬಿಗಿ, ಸಪ್ತಪದಿಯಲ್ಲೂ ಬಿಗಿ. ಕ್ಲಿಪ್ ತೆಗೆಸಿದ ದಿನ ಮಗಳು ಆಲ್ಬಂ ತಿರುವಿ ಹಾಕುತ್ತ, "ಅಪ್ಪಾ, ನಿಂಗೆ ಅಮ್ಮ ಇಷ್ಟ ಇರಲಿಲ್ವಾ?" ಅಂದಿದ್ದಳು.

ಇದನ್ನು ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಸೀನ ಸುಮ್ಮನೆ ತನ್ನ ಪೊಟ್ಟಣವನ್ನು ನನ್ನ ಕಡೆ ತಳ್ಳಿದ.

ಪೊಟ್ಟಣ ಎರಡಿದ್ದವು. ಬೇಯಿಸಿದ್ದು ನನ್ನದು, ಹುರಿದದ್ದು ಅವನದು. ಕತ್ತಲಲ್ಲಿ ಕೈ ತಪ್ಪಿತು ಅಂತ ಮನೆಯಲ್ಲಿ ಹೇಳಿದ್ದೇನೆ. ಬಿಸಿ, ಗರಿಗರಿ, ಮಣ್ಣಿನ ವಾಸನೆಯ ಕಾಳು. ಒಂದೇ ಒಂದು ಹಾಕಿಕೊಂಡೆ.

ಟಕ್.

ನಾಲಿಗೆ ಆಡಿಸಿದೆ. ಬಲಗಡೆಯ ಬ್ರ್ಯಾಕೆಟ್ ಹಲ್ಲು ಬಿಟ್ಟಿದೆ. ಬೀಳುವುದಿಲ್ಲ, ತಂತಿಗೆ ಪೋಣಿಸಿದ ಜಪಮಣಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಕ್ಲಿನಿಕ್ಕಿಗೆ ಫೋನ್ ಹಚ್ಚಿದೆ. ರಿಸೆಪ್ಷನ್ ಹುಡುಗಿ ಎತ್ತಿದಳು.

"ಏನು ತಿಂದ್ರಿ ಸರ್?"

"ಮೊಸರನ್ನ."

ಸರಿಯಾಗಿ ಆಗಲೇ ಪಕ್ಕದ ಗಾಡಿಯವನು ಎದೆಯಾಳದಿಂದ ಕೂಗಬೇಕೆ? "ಹುರಿದ ಕಡ್ಲೇಕಾಯ್! ಬಿಸಿಬಿಸಿ ಕಡ್ಲೇಕಾಯ್!"

ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ನಾಳೆ ಹತ್ತೂವರೆಗೆ ಬನ್ನಿ ಸರ್," ಅಂದಳು ಹುಡುಗಿ. "ಬರ್ತಾ ಆ ಮೊಸರನ್ನ ನಮಗೂ ಒಂದು ಸೇರು ತನ್ನಿ. ಹುರಿದದ್ದೇ ಇರಲಿ, ನಮಗೇನು ಕ್ಲಿಪ್ ಇಲ್ಲ."