ಆಸ್ಪತ್ರೆಯ ಡೇಟಾ ತಂಡದಿಂದ ಮೇಲಿನ ಹುದ್ದೆಗೆ: ಹೋದವರು ಅನುಭವ ಹೇಳಿ

ಕೇಳಿದ್ದು:
ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸಕ್ಕೆ ಸೇರಿದವಳು. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ ಕಲಿತು ಈಗ ಅದೇ ಆಸ್ಪತ್ರೆಯ ಡೇಟಾ ತಂಡದಲ್ಲಿ ಅನಲಿಸ್ಟ್ ಆಗಿದ್ದೇನೆ. ಮುಂದೆ ತಂಡ ನಡೆಸುವ ಆಸೆ ಇದೆ. ಕೆಲವರು ಎಂಬಿಎ ಮಾಡು ಅನ್ನುತ್ತಾರೆ, ಕೆಲವರು ಮಶೀನ್ ಲರ್ನಿಂಗ್ ಕಲಿ ಅನ್ನುತ್ತಾರೆ. ಎಂಜಿನಿಯರ್‌ಗಳ ಎದುರು ಲ್ಯಾಬ್‌ನಿಂದ ಬಂದವಳು ಅಂತ ಹೇಳಿಕೊಳ್ಳಲೂ ಮುಜುಗರ. ಈ ದಾರಿಯಲ್ಲಿ ಹೋದ ಹೆಂಗಸರು ಏನು ಹೇಳುತ್ತೀರಿ?

ನರ್ಸಿಂಗ್‌ನಿಂದ ಬಂದು ಈಗ ಡೇಟಾ ವಿಭಾಗ ನಡೆಸುವವರು:
ಮುಜುಗರ ಯಾಕೆ? ನಿಮ್ಮ ಬಂಡವಾಳವೇ ಅದು. ಫಾಸ್ಟಿಂಗ್ ಶುಗರ್ ಒಂದು ಲ್ಯಾಬ್‌ನಿಂದ 126 ಅಂತ ಬರುತ್ತದೆ, ಇನ್ನೊಂದರಿಂದ 7 ಅಂತ. ಮೊದಲನೆಯದು ಮಿಲಿಗ್ರಾಂ ಪರ್ ಡೆಸಿಲೀಟರ್, ಎರಡನೆಯದು ಮಿಲಿಮೋಲ್ ಪರ್ ಲೀಟರ್. ರಕ್ತದಲ್ಲಿರುವ ಸಕ್ಕರೆ ಒಂದೇ. ಯೂನಿಟ್ ನೋಡದೆ ಎರಡನ್ನೂ ಕೂಡಿ ಸರಾಸರಿ ತೆಗೆದರೆ ಡ್ಯಾಶ್‌ಬೋರ್ಡ್ ಎಷ್ಟು ಚೆಂದ ಇದ್ದರೇನು? ನಿಮಗೆ ಇದು ಕೂಡಲೇ ಗೊತ್ತಾಗುತ್ತದೆ. ಬೇರೆಯವರಿಗೆ ಯಾರಾದರೂ ಹೇಳಬೇಕು.

ನನಗೆ ದಾರಿ ತೆರೆದದ್ದೂ ಇಂಥದ್ದೇ. ವಾರ್ಡ್‌ನಲ್ಲಿ ಔಷಧಿ ಕೊಟ್ಟ ಸಮಯ ಬೇರೆ, ಕಂಪ್ಯೂಟರ್‌ಗೆ ಹಾಕಿದ ಸಮಯ ಬೇರೆ. ಕೆಲಸ ಜಾಸ್ತಿ ಇದ್ದ ದಿನ ಶಿಫ್ಟ್ ಮುಗಿಯುವಾಗಲೇ ಎಂಟ್ರಿ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ) ರೋಗಿಗಳಿಗೆ ಆಂಟಿಬಯೋಟಿಕ್ ತಡವಾಗುತ್ತಿದೆ ಅಂತ ಒಂದು ರಿಪೋರ್ಟ್ ಬಂತು. ನಾನು ಕೇಳಿದ್ದು, ಇದು ಇವುಗಳಲ್ಲಿ ಯಾವ ಸಮಯ ಅಂತ. ಅಲ್ಲಿಂದಾಚೆ ನನ್ನನ್ನು ಬಿಟ್ಟು ಆ ಮೀಟಿಂಗ್ ನಡೆಯಲಿಲ್ಲ.

ಆಮೇಲೆ ‘30 ದಿನದೊಳಗೆ ಮತ್ತೆ ಅಡ್ಮಿಟ್ ಆದವರು’ ಅನ್ನುವ ಲೆಕ್ಕ. ಕೀಮೋಥೆರಪಿಗೆ ಮೊದಲೇ ದಿನ ಗೊತ್ತುಮಾಡಿಕೊಂಡು ಬಂದವರು ಇದರಲ್ಲಿ ಸೇರುತ್ತಾರಾ? ಬೇರೆ ಆಸ್ಪತ್ರೆಗೆ ಹೋಗಿ ಸೇರಿದವರು? ವಿಭಾಗಕ್ಕೊಂದು ಉತ್ತರ, ತಿಂಗಳಿಗೊಂದು ಜಗಳ. ವೈದ್ಯರು, ಬಿಲ್ಲಿಂಗ್, ಕ್ವಾಲಿಟಿ ಎಲ್ಲರನ್ನೂ ಕೂರಿಸಿ, ಒಂದು ಪುಟದಲ್ಲಿ ಬರೆಸಿ ಸಹಿ ಹಾಕಿಸಿದೆ. ಯಾರಿಗೂ ಬೇಡದ ಕೆಲಸ. ಆದರೆ ಡೇಟಾ ವಿಭಾಗ ನಡೆಸುವುದರಲ್ಲಿ ಮುಕ್ಕಾಲು ಪಾಲು ಇದೇ ಇರುತ್ತದೆ. ಈ ಕೆಲಸ ನನ್ನ ಕೈಗೆ ಬಂದು ಎಷ್ಟೋ ಕಾಲವಾದ ಮೇಲೆ ಹುದ್ದೆಯ ಹೆಸರು ಬಂತು.

ಕಲಿಯುವುದಾದರೆ ಲೋಯಿಂಕ್‌ನಿಂದ ಶುರು ಮಾಡಿ. ಲ್ಯಾಬ್ ಪರೀಕ್ಷೆಗಳ ಕೋಡ್ ಅಲ್ವಾ, ನಿಮಗೆ ಸುಲಭ. ಆಮೇಲೆ ವೈದ್ಯಕೀಯ ಪದಗಳ ಕೋಡ್ ಆದ ಸ್ನೋಮೆಡ್, ಕಾಯಿಲೆಗಳ ಕೋಡ್ ಆದ ಐಸಿಡಿ. ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಹಳೆಯ ಆವೃತ್ತಿಯಿಂದ ಅದಕ್ಕೆ ಹೋಗುವ ಕೆಲಸಕ್ಕೆ ಎರಡೂ ಗೊತ್ತಿರುವ ಜನ ಬೇಕು. ಸಿಸ್ಟಮ್‌ಗಳ ನಡುವೆ ಮಾಹಿತಿ ಸಾಗಿಸುವ ಫೈರ್ ಸ್ಟ್ಯಾಂಡರ್ಡ್ ಕೊನೆಗೆ ಇರಲಿ.

ಸಾಫ್ಟ್‌ವೇರ್ ಕಡೆಯಿಂದ ಬಂದವರು:
ಮೇಲಿನ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಎಲ್ಲರನ್ನೂ ಕೂರಿಸುವ ಕೆಲಸದಲ್ಲೇ ಹೆಂಗಸರು ಸಿಕ್ಕಿಹಾಕಿಕೊಳ್ಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ‘ನೀವು ಚೆನ್ನಾಗಿ ಮಾತಾಡುತ್ತೀರಿ, ಟ್ರೈನಿಂಗ್ ನೀವೇ ಕೊಡಿ, ಮಿನಿಟ್ಸ್ ನೀವೇ ಬರೆಯಿರಿ.’ ಬಜೆಟ್ ಮಾತ್ರ ಇನ್ಯಾರದೋ ಕೈಯಲ್ಲಿ. ಅದಕ್ಕೇ ದುಡ್ಡು ಓಡಾಡುವ ಕೆಲಸ ಕೇಳಿ ಪಡೆಯಿರಿ. ಏನೂ ಇಲ್ಲದಿದ್ದರೆ ವೆಂಡರ್ ಒಪ್ಪಂದ ನೋಡುವ ಸಮಿತಿಯಲ್ಲಾದರೂ ಕೂರಿ. ಒಪ್ಪಂದ ಮುಗಿದರೆ ನಮ್ಮ ಡೇಟಾ ಯಾವ ರೂಪದಲ್ಲಿ ವಾಪಸ್ ಬರುತ್ತದೆ, ಬೇರೆ ಸಿಸ್ಟಮ್‌ಗೆ ಜೋಡಿಸುವ ಒಂದೊಂದು ಇಂಟರ್‌ಫೇಸ್‌ಗೂ ಬೇರೆ ಶುಲ್ಕ ಇದೆಯಾ, ಸಿಸ್ಟಮ್ ನಿಂತರೆ ಹೊಣೆ ಯಾರದು ಅಂತ ಅಲ್ಲಿ ಕೇಳಿ. ಇಂಥ ಪ್ರಶ್ನೆ ಕೇಳಿದವರ ಹೆಸರು ಆಡಳಿತದವರಿಗೆ ನೆನಪಿರುತ್ತದೆ.

ಎಂಬಿಎ ವಿಷಯ: ಆಸ್ಪತ್ರೆಗಳಿಗೆ ರೋಗಿ ದಾಖಲೆಯ ಸಾಫ್ಟ್‌ವೇರ್ ಮಾಡುವ ಎಪಿಕ್ ಕಂಪನಿಯನ್ನು 1979ರಲ್ಲಿ ಶುರು ಮಾಡಿದ ಜೂಡಿ ಫಾಕ್ನರ್ ಓದಿದ್ದು ಗಣಿತ, ಕಂಪ್ಯೂಟರ್ ಸೈನ್ಸ್. ಹಾಗಂತ ಲೆಕ್ಕಪತ್ರ ಓದಲು ಬರದೆ ಮೇಲೆ ಹೋಗಲು ಆಗುವುದಿಲ್ಲ. ಅದನ್ನು ಡಿಗ್ರಿ ಇಲ್ಲದೆಯೂ ಕಲಿಯಬಹುದು.

ಮಾಡೆಲ್‌ಗಳನ್ನು ಪರಿಶೀಲಿಸುವ ಕೆಲಸದಲ್ಲಿರುವವರು:
ಮಶೀನ್ ಲರ್ನಿಂಗ್ ಕಲಿಯಿರಿ, ಆದರೆ ಮಾಡೆಲ್ (ಹಳೆಯ ಡೇಟಾದಿಂದ ಕಲಿತು ಅಂದಾಜು ಹೇಳುವ ಪ್ರೋಗ್ರಾಂ) ಕಟ್ಟುವ ಓಟಕ್ಕೆ ಸುಮ್ನೆ ಬೀಳಬೇಡಿ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಅದರಲ್ಲಿ ನೋಡಿದ್ದು, ಯಾವ ರೋಗಿಗೆ ಹೆಚ್ಚುವರಿ ಆರೈಕೆ ಬೇಕು ಅಂತ ಗುರುತಿಸುವ ಒಂದು ಅಲ್ಗಾರಿದಮ್. ಅಂದಾಜು ಮಾಡುತ್ತಿದ್ದದ್ದು ಮಾತ್ರ ಕಾಯಿಲೆಯನ್ನಲ್ಲ, ಮುಂದೆ ಆಗುವ ಖರ್ಚನ್ನು. ಚಿಕಿತ್ಸೆ ಸರಿಯಾಗಿ ಸಿಗದ ಕಪ್ಪು ಜನರಿಗೆ ಅಷ್ಟೇ ಕಾಯಿಲೆ ಇದ್ದರೂ ಖರ್ಚು ಕಡಿಮೆ, ಹಾಗಾಗಿ ಅಂಕವೂ ಕಡಿಮೆ. ಈ ಅಂತರ ಸರಿಪಡಿಸಿದರೆ ಹೆಚ್ಚುವರಿ ನೆರವು ಸಿಗುವ ಕಪ್ಪು ರೋಗಿಗಳ ಪ್ರಮಾಣ ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಅಂತ ಲೆಕ್ಕ ಹಾಕಿದ್ದರು. ಕೋಡ್‌ನಲ್ಲಿ ದೋಷ ಇರಲಿಲ್ಲ. ‘ನಿಜವಾಗಿ ಇದು ಏನನ್ನು ಅಳೆಯುತ್ತಿದೆ?’ ಅಂತ ಕೇಳುವವರು ಬೇಕಿತ್ತು. ವರ್ಷಗಟ್ಟಲೆ ಸ್ಯಾಂಪಲ್ ನೋಡಿದವರು ಇದನ್ನು ಚೆನ್ನಾಗಿ ಕೇಳುತ್ತಾರೆ ಅನ್ನುವುದು ನನ್ನ ನಂಬಿಕೆ.

ಬ್ರೇಕ್ ತೆಗೆದುಕೊಂಡು ವಾಪಸ್ ಬಂದವರು:
ಎರಡೇ ಮಾತು. ಗುರಿ ಇಡುವ ಮೊದಲು ಹುದ್ದೆಯ ಹೆಸರು ನೋಡಿ. ಚೀಫ್ ಮೆಡಿಕಲ್ ಇನ್ಫರ್ಮೇಶನ್ ಆಫೀಸರ್ ಹುದ್ದೆಗೆ ಸಾಮಾನ್ಯವಾಗಿ ವೈದ್ಯರನ್ನೇ ತೆಗೆದುಕೊಳ್ಳುತ್ತಾರೆ. ನಿಮಗೆ ಡೇಟಾ ಗವರ್ನೆನ್ಸ್ (ಡೇಟಾದ ಅರ್ಥ, ಗುಣಮಟ್ಟ, ಹೊಣೆ ಗೊತ್ತುಮಾಡುವ ಕೆಲಸ) ಕಡೆಯಿಂದ ಚೀಫ್ ಡೇಟಾ ಆಫೀಸರ್ ದಾರಿ ಹತ್ತಿರ. ಇನ್ನೊಂದು, ಹೊಸ ಸಿಸ್ಟಮ್ ಶುರುವಾಗುವ ವಾರಗಳಲ್ಲಿ ರಾತ್ರಿ ಫೋನ್ ಎತ್ತುವವರು ಯಾರು ಅನ್ನುವುದನ್ನು ಹುದ್ದೆ ಒಪ್ಪುವ ಮೊದಲೇ ರೋಸ್ಟರ್‌ನಲ್ಲಿ ಬರೆಸಿಕೊಳ್ಳಿ. ನಾನು ವಾಪಸ್ ಬಂದಾಗ ಸಂಬಳಕ್ಕಿಂತ ಮೊದಲು ಮಾತಾಡಿದ್ದು ಅದನ್ನೇ.