ಕಾರ್ಬೊರೇಟರಿನ ಕಾಲ್ಗುಣ

"ನನ್ನ ಟ್ರಯಲ್ಸ್ ಗಾಡಿಗೆ ಪಿಕಪ್ಪೇ ಇಲ್ಲ ಶಾಮಣ್ಣ. ಅದಕ್ಕೆ ಹೊಸ ಕಾರ್ಬೊರೇಟರ್ ತರಿಸಿಬಿಟ್ಟೆ." ವಿಶ್ವ ಗಾಂಧಿ ಬಜಾರಿನ ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಸರಿಸಿ ಡಬ್ಬಿ ಇಟ್ಟ.

"ಹಳೇ ಸೊಸೇನ ಓಡಿಸಿ ಹೊಸಬಳನ್ನ ಮನೆ ತುಂಬಿಸಿಕೊಂಡೆ ಅನ್ನು," ಅಂದ ಶಾಮಣ್ಣ. "ಏನಾಯ್ತು? ಪಿಕಪ್ಪು ಬಂತಾ?"

"ಇಲ್ಲ."

"ಹಾಗಾದ್ರೆ ಇವಳ ಕಾಲ್ಗುಣಾನೂ ಸರಿ ಇಲ್ಲ. ಮೂರನೆಯವಳನ್ನ ಹುಡುಕು."

"ರೀಲ್ಸಲ್ಲಿ ಎಲ್ಲರೂ ಅದನ್ನೇ ಹೇಳ್ತಾರಲ್ಲ ಶಾಮಣ್ಣ."

"ಹೇಳ್ತಾರೆ ಕಣೋ. ಹಾಲು ಒಡೆದ್ರೆ ಸೊಸೆ, ಕರು ಸತ್ರೆ ಸೊಸೆ. ಗಾಡಿ ಕೆಮ್ಮಿದ್ರೆ ಕಾರ್ಬೊರೇಟರು. ಗಾಳಿಗೆ ಪೆಟ್ರೋಲ್ ಬೆರೆಸಿಕೊಂಡು, ಕೈಗೆ ಸಿಗೋ ಜಾಗದಲ್ಲಿ, ಎರಡು ಬೋಲ್ಟಲ್ಲಿ ನೇತಾಡ್ತಿರುತ್ತೆ ಪಾಪ. ಸುಲಭವಾಗಿ ಬಿಚ್ಚಬಹುದು ಅನ್ನೋದೇ ಅದರ ತಪ್ಪು."

"ಸೊಸೇರನ್ನ ಬಿಟ್ಟು ನಿಮಗೆ ಬೇರೆ ಉಪಮೆ ಸಿಗಲ್ವಾ?" ಪದ್ದಕ್ಕ ಕಾಫಿ ಲೋಟ ಕುಕ್ಕಿದರು.

ಗುಂಡಣ್ಣನಿಗೆ ಬೇರೆಯೇ ಅನುಮಾನ. "ಟ್ರಯಲ್ಸ್ ಗಾಡಿ ಅಂತೀರಲ್ಲ, ಟ್ರಯಲ್ ನೋಡಿ ವಾಪಸ್ ಕೊಡೋದಾ?"

"ಬಂಡೆ, ಹಳ್ಳ, ಕೆಸರು ಹತ್ತಿಸೋ ಬೈಕು ಕಣೋ," ಅಂದ ಶಾಮಣ್ಣ. "ಸ್ಪೀಡು ಮುಖ್ಯ ಅಲ್ಲ, ಕಾಲು ಊರಬಾರದು. ಒಂದ್ಸಲ ಊರಿದ್ರೆ 1, ಎರಡ್ಸಲಕ್ಕೆ 2, ಆಮೇಲೆ ಎಷ್ಟು ಊರಿದ್ರೂ 3, ಬಿದ್ರೆ 5. ಕಮ್ಮಿ ಮಾರ್ಕ್ಸ್ ತಗೊಂಡವನೇ ಗೆದ್ದ. ಎಸ್ಸೆಸ್ಸೆಲ್ಸೀಲಿ ಈ ಲೆಕ್ಕ ಇದ್ದಿದ್ರೆ ನೀನು ರ‍್ಯಾಂಕು. ವಿಶ್ವನದು ಬುಲ್ಟಾಕೊ ಶೆರ್ಪಾ, ಸ್ಪೇನಿನದು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸೋ ಟೂಸ್ಟ್ರೋಕು. 1965ರಲ್ಲಿ ಸ್ಯಾಮಿ ಮಿಲ್ಲರ್ ಅನ್ನೋ ಸವಾರ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅನ್ನೋ ಪಂದ್ಯ ಗೆದ್ದಿದ್ದು ಶೆರ್ಪಾದಲ್ಲೇ. ಅಲ್ಲೀತನಕ ದಪ್ಪ ದಪ್ಪ ಫೋರ್‌ಸ್ಟ್ರೋಕುಗಳದ್ದೇ ದರ್ಬಾರು. ಇರಲಿ, ಗಾಡಿ ಏನು ಮಾಡುತ್ತೆ ಹೇಳು."

"ಐಡ್ಲಿಂಗ್ ಚೆನ್ನಾಗಿದೆ. ಫಸ್ಟ್ ಗೇರಲ್ಲಿ ಏರು ಹತ್ತುತ್ತೆ. ಅರ್ಧ ಥ್ರಾಟಲ್ ದಾಟಿದ್ರೆ ಬೋಂ ಅಂತ ಗೊಣಗುತ್ತೆ, ಮೇಲೆ ಏರಲ್ಲ."

"ಇಂಜಿನ್ ಕಿರುಚಿಕೊಂಡು ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತಾ?"

"ಇಲ್ಲ, ಎರಡೂ ಒಟ್ಟಿಗೇ ಸೋಲುತ್ತೆ."

"ಸರಿ, ಕ್ಲಚ್ ಜಾರ್ತಿಲ್ಲ. ನ್ಯೂಟ್ರಲ್ಲಲ್ಲಿ ಎರಡೂ ಚಕ್ರ ಎತ್ತಿ ತಿರುಗಿಸಿ ನೋಡು. ಡ್ರಮ್ ಬ್ರೇಕ್ ಕಚ್ಚಿಕೊಂಡಿದ್ರೆ ಇಂಜಿನ್ ಏನು ಮಾಡುತ್ತೆ? ಆಮೇಲೆ ಪೆಟ್ರೋಲ್ ಪೈಪು ಬಿಚ್ಚಿ ಬಾಟ್ಲಿಗೆ ಬಿಡು. ಟ್ಯಾಂಕಿನ ಮುಚ್ಚಳ ತೆಗೆದಾಗ ಧಾರೆ, ಹಾಕಿದಾಗ ಸ್ವಲ್ಪ ಹೊತ್ತಿಗೆ ತೊಟ್ಟು ಅಂದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಯಾರೂ ಮಾಡಲ್ಲ."

"ಎಲ್ಲ ಈ ಎಥನಾಲ್ ಪೆಟ್ರೋಲ್ ಮಹಿಮೆ," ಅಂದ ಗುಂಡಣ್ಣ.

"ಅದೂ ಒಂದು ಕಾಟವೇ. ಹಳೇ ರಬ್ಬರ್ ಊದಿಸುತ್ತೆ, ನೀರು ಕುಡಿಯುತ್ತೆ. ಹಳೇ ಬುಲ್ಟಾಕೊಗಳ ಫೈಬರ್ ಟ್ಯಾಂಕಿನ ರೆಸಿನ್ನೇ ಕರಗಿ ಅಂಟಾಗಿ ಕಾರ್ಬೊರೇಟರಿನ ಜೆಟ್ಟಿನ ತೂತಿಗೆ ಇಳಿಯುತ್ತೆ. ಆಗಲೂ ಬೈಸಿಕೊಳ್ಳೋದು ಸೊಸೇನೇ! ಇವನದು ಲೋಹದ ಟ್ಯಾಂಕು, ಬಚಾವು. ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದ್ಯಾ?"

"ನೋಡಿದೆ. ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ನಿಲ್ಲೋತನಕ ಏಳೆಂಟು ಕಿಕ್ ಹೊಡೆದೆ. 120 ಪಿಎಸ್ಐ."

"ಹಾಗಾದ್ರೆ ಸಿಲಿಂಡರ್ ಬೋರಿಗೆ ಮುಪ್ಪು ಬಂದಿಲ್ಲ. ತೀರಾ ಕಮ್ಮಿ ಬಂದಿದ್ರೆ ಪ್ಲಗ್ ತೂತಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಬೇಕಿತ್ತು. ಆಗ ಏರಿದ್ರೆ ರಿಂಗು ಸವೆದಿದೆ. ಕಿಡಿ ಹಾರಿಸೋ ಪಾಯಿಂಟು?"

"ಅದನ್ನ ಮುಟ್ಟಿಲ್ಲ."

"ಕಾಲ್ಗುಣ ನೋಡೋದೇ ಆದ್ರೆ ಅದರದ್ದು ನೋಡಪ್ಪ. ಪಾಯಿಂಟಿಗೂ ಒಂದು ಹಿಮ್ಮಡಿ ಇದೆ, ತಿರುಗೋ ಕ್ಯಾಮ್ ಮೇಲೆ ಉಜ್ಜಿ ಉಜ್ಜಿ ಸವೆಯುತ್ತೆ. ಸವೆದ್ರೆ ಗ್ಯಾಪು ಕಮ್ಮಿ, ತಡವಾಗಿ ತೆರೆಯುತ್ತೆ, ಕಿಡಿ ತಡ. ಇಂಜಿನ್ ಬಿಸಿಯಾಗಿ ಸೋಲುತ್ತೆ. 0.4 ಮಿಮೀಗೆ ಹೊಂದಿಸಿ, ಆಮೇಲೆ ಟೈಮಿಂಗ್ ನೋಡು. ಪ್ಲಗ್ ಹೇಗಿತ್ತು?"

"ಕರ‍್ರಗೆ, ಎಣ್ಣೆ ಎಣ್ಣೆ."

"ಬೆಳ್ಳಗಿದ್ದಿದ್ರೆ ಮ್ಯಾಗ್ನೆಟ್ ಕಡೆ ಸೀಲು ಗಾಳಿ ಎಳೀತಿದೆಯಾ ಅಂತ ನೋಡಬೇಕಿತ್ತು. ಕರ‍್ರಗೆ ಅಂತೀಯ. ಲೀಟರ್ ಪೆಟ್ರೋಲಿಗೆ ಎಷ್ಟು ಟೂಟಿ ಆಯಿಲ್ ಹಾಕ್ತೀಯ?"

"50 ಎಂಎಲ್. ಗಾಡಿ ಮೇಲೆ ಪ್ರೀತಿ."

"ಓಡಿಸೋದು ಎಲ್ಲಿ?"

"ಭಾನುವಾರ ಬೆಳಿಗ್ಗೆ ಬಸವನಗುಡಿ ಎರಡು ರೌಂಡು. ಮಿಕ್ಕಿದ್ದು ಟ್ರಾಫಿಕ್ಕು."

ಪದ್ದಕ್ಕ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿ ಬಿಟ್ಟರು. "ನಮ್ಮೂರಲ್ಲಿ ಒಲೆ ಹೊಗೆಗೂಡು ಮಸಿ ಕಟ್ಟಿದ್ರೆ ಹೀಗೇ ಆಗ್ತಿತ್ತು. ಸಣ್ಣ ಉರಿ ಇದ್ದಾಗ ಗೊತ್ತಾಗ್ತಿರಲಿಲ್ಲ, ದೊಡ್ಡ ಸೌದೆ ಇಟ್ಟ ಕೂಡಲೇ ಹೊಗೆ ಒಳಗೇ. ಎಲ್ಲರೂ ಸೌದೆ ಹಸಿ ಅಂತ ಬೈಯೋರು."

ಶಾಮಣ್ಣ ಕೈ ಮುಗಿದ. "ಅಕ್ಕ, ನೀವು ಜೆಸಿ ರೋಡಲ್ಲಿ ಗ್ಯಾರೇಜ್ ಇಡಿ. ವಿಶ್ವ, ಸೈಲೆನ್ಸರ್ ಕಣೋ. ಮೆಲ್ಲಗೆ ಓಡಿಸೋ ಟೂಸ್ಟ್ರೋಕಲ್ಲಿ ಎಣ್ಣೆ ಪೂರ್ತಿ ಉರಿಯಲ್ಲ, ಹಿಂದೆ ಹೋಗಿ ಹಲ್ವಾ ಥರ ಕೂರುತ್ತೆ. ಹಿಂದಿನ ಡಬ್ಬಿ ಕಳಚಿ ಎರಡು ನಿಮಿಷ ಓಡಿಸು. ಜೀವ ಬಂದ್ರೆ ಅದೇ ರೋಗ. ಅಕ್ಕಪಕ್ಕದವರಿಗೆ ಮೊದಲೇ ಹೇಳಿರು."

"ಆಮೇಲೆ?"

"ಡಬ್ಬಿಗೆ ಅಯಸ್ಕಾಂತ ಇಡು. ಅಂಟಿದ್ರೆ ಉಕ್ಕು, ಕಾಸ್ಟಿಕ್ ಸೋಡ ನಡೆಯುತ್ತೆ. ಅಂಟದಿದ್ರೆ ಅಲ್ಯುಮಿನಿಯಂ ಇರಬಹುದು, ಕಾಸ್ಟಿಕ್ ತೋರಿಸಲೇಬೇಡ, ಡಬ್ಬೀನೇ ಕರಗಿಹೋಗುತ್ತೆ. ಒಳಗೆ ಸದ್ದು ನುಂಗೋ ಗಾಜಿನ ಹತ್ತಿ ಇದ್ರೆ ತೆಗಿ. 5 ಲೀಟರ್ ನೀರಿಗೆ ಅರ್ಧ ಕೆಜಿ. ಮೊದಲು ನೀರು, ಅದಕ್ಕೆ ಕಾಸ್ಟಿಕ್ ಸ್ವಲ್ಪ ಸ್ವಲ್ಪ. ಉಲ್ಟಾ ಮಾಡಿದ್ರೆ ಮುಖಕ್ಕೆ ಸಿಡಿಯುತ್ತೆ. ಗ್ಲೌಸು, ಕನ್ನಡಕ, ಬಯಲು ಜಾಗ. ಒಂದು ಬಾಯಿಗೆ ಬಿರಡೆ ಹೊಡಿ, ಇನ್ನೊಂದು ತೆರೆದೇ ಇರಲಿ. ಒಂದು ರಾತ್ರಿ ಬಿಟ್ಟು ನಾಲ್ಕೈದು ಸಲ ತೊಳಿ. ಪೇಂಟು ಹೋಗುತ್ತೆ, ಹೋಗಲಿ."

"ಆ ನೀರು ನನ್ನ ಮಲ್ಲಿಗೆ ಬುಡಕ್ಕೆ ಬೀಳಬಾರದು," ಅಂದರು ಪದ್ದಕ್ಕ.

"ಇಂಜಿನ್ನಿಂದ ಹೊಗೆ ಹೊರಬೀಳೋ ಎಕ್ಸಾಸ್ಟ್ ಪೋರ್ಟೂ ನೋಡು. ಪಿಸ್ಟನ್ ಮೇಲೆ ತಂದು ಪೋರ್ಟ್ ಮುಚ್ಚಿ, ಮರದ ಚಕ್ಕೆಯಲ್ಲಿ ಕೆರಿ. ಸ್ಕ್ರೂಡ್ರೈವರ್ ಹಾಕಿದ್ಯೋ, ನಿನ್ನ ಕಾಲ್ಗುಣ ಅಂತೀನಿ. ಇನ್ನು ಮೇಲೆ ಒಳ್ಳೇ ಎಣ್ಣೆ 25 ಎಂಎಲ್ ಸಾಕು. ಎಣ್ಣೆ ಇಳಿಸಿದ್ರೆ ಪೆಟ್ರೋಲ್ ಪಾಲು ಒಂಚೂರು ಏರುತ್ತೆ, ಪ್ಲಗ್ ಬಣ್ಣ ನೋಡ್ತಿರು. ತಿಂಗಳಿಗೊಂದ್ಸಲ ಊರಾಚೆ ಕರ್ಕೊಂಡು ಹೋಗಿ ಮನಸಾರೆ ಓಡಿಸು. ಬಂಡೆ ಹತ್ತೋಕೆ ಹುಟ್ಟಿದ್ದನ್ನ ಸಿಗ್ನಲ್ಲಲ್ಲಿ ನಿಲ್ಲಿಸಿ ಉಸಿರು ಕಟ್ಟಿಸಿದ್ದೀಯಲ್ಲೋ."

ಗುಂಡಣ್ಣ ಇನ್ನೊಂದು ಬೈಟು ಹೇಳಿ ಬಂದ. ವಿಶ್ವ ಡಬ್ಬಿ ತೆರೆದು ಹೊಸ ಕಾರ್ಬೊರೇಟರ್ ಅಂಗೈಲಿ ಹೊರಳಿಸಿದ. ಒಂದು ಗೀರೂ ಇಲ್ಲ, ಟ್ಯೂಬ್‌ಲೈಟಿಗೆ ಮಿಣಮಿಣ ಅಂತಿತ್ತು.

"ಹಳೇದನ್ನೇ ಕೂರಿಸ್ತೀನಿ. ಇದನ್ನೇನು ಮಾಡಲಿ?"

"ತವರಿಗೆ ಕಳಿಸು," ಅಂದ ಶಾಮಣ್ಣ.

"ರಿಟರ್ನ್ ಏಳು ದಿನದೊಳಗೆ ಮಾತ್ರವಂತೆ. ನಿನ್ನೆಗೆ ಮುಗೀತು."

"ಏಳು ದಿನ ಕೊಟ್ಟಿದ್ರಾ?" ಪದ್ದಕ್ಕ ಅದನ್ನ ಅವನ ಕೈಯಿಂದ ತಗೊಂಡು, ಬೆರಳಚ್ಚು ಬಿದ್ದ ಕಡೆ ಸೆರಗಿನಿಂದ ಒರೆಸಿದರು. "ನಮಗೆ ಅಷ್ಟೂ ಇರಲಿಲ್ಲ."

ಬೈಟು ಬಂತು. ನಾಲ್ವರಿಗೆ ಎರಡು ಲೋಟ ಕಮ್ಮಿ ಇತ್ತು.